ಏರಿಯಲ್ ಸಿಲ್ಕ್ ಎಷ್ಟು ಮೀಟರ್ ಬೇಕು? ಮೊದಲು ಸೂರು ಅಳೆಯಿರಿ

ಬಟ್ಟೆ ಮೊದಲು, ಅಳತೆ ಆಮೇಲೆ. ಏರಿಯಲ್ ಸಿಲ್ಕ್ ಎಂದರೆ ಮೇಲಿಂದ ಇಳಿಬಿಟ್ಟ ಉದ್ದ ಬಟ್ಟೆಯನ್ನು ಹಿಡಿದು ಏರಿ, ಮೈಗೆ ಸುತ್ತಿಕೊಂಡು ಮಾಡುವ ಕಸರತ್ತು. ಅದನ್ನು ಶುರು ಮಾಡುವವರು ಎಡವುವುದು ಇಲ್ಲೇ. ಆನ್‌ಲೈನ್‌ನಲ್ಲಿ ಬಣ್ಣ ಚೆಂದ ಕಂಡಿತು ಅಂತ ತರಿಸಿಬಿಡುತ್ತಾರೆ. ತೂಗುಹಾಕಿದ ಮೇಲೆ ನೋಡಿದರೆ ತುದಿ ನೆಲ ಮುಟ್ಟುವುದಿಲ್ಲ. ಇಲ್ಲವೇ ಎರಡು ಹಿಡಿ ಏರುವಷ್ಟರಲ್ಲಿ ತಲೆ ಸ್ಲ್ಯಾಬ್‌ಗೆ ತಾಗುತ್ತದೆ. ಬೆಳಗಾವಿಯಲ್ಲೂ ಬಾಗಲಕೋಟೆಯಲ್ಲೂ ಇದನ್ನು ಸಾಕಷ್ಟು ನೋಡಿದ್ದೇನೆ. ಒಳ್ಳೆಯ ನೈಲಾನ್ ಟ್ರೈಕಾಟ್ ಬಟ್ಟೆ ಅಗ್ಗವಲ್ಲ. ಕೊಳ್ಳುವ ಮುಂಚೆ ಅರ್ಧ ಗಂಟೆ ಕೂತು ಲೆಕ್ಕ ಹಾಕಿ.

1. ತೂಗುವ ಜಾಗ ಗಟ್ಟಿ ಇದೆಯಾ?

ಫ್ಯಾನ್ ಕೊಕ್ಕೆಗೆ ಕಟ್ಟಬೇಡಿ. ಅದನ್ನು ಹಾಕಿರುವುದು ಫ್ಯಾನಿಗೆ, ಮನುಷ್ಯರಿಗಲ್ಲ. ಮೇಲಿಂದ ಸುತ್ತು ಬಿಚ್ಚಿಕೊಂಡು ಜಾರಿ ಒಮ್ಮೆಲೇ ನಿಂತಾಗ ಕೊಕ್ಕೆಯ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಹಳೆಯ ಮಾಳಿಗೆ ಮನೆಯ ತೊಲೆ ನೋಡಲು ದಪ್ಪ ಇರುತ್ತದೆ, ಆದರೆ ಒಳಗೆ ಗೆದ್ದಲು ಹಿಡಿದಿದ್ದರೆ ಹೊರಗಿನಿಂದ ತಿಳಿಯುವುದಿಲ್ಲ. ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡುಗಳು ಖಾಲಿ ಇದ್ದಾಗ ಕೆಲವರಿಗೆ ಆಸೆಯಾಗುತ್ತದೆ. ಆ ತಗಡು, ಆ ತೆಳು ಆ್ಯಂಗಲ್ ಇದಕ್ಕಲ್ಲ. ಗಟ್ಟಿ ಕಬ್ಬಿಣದ ಟ್ರಸ್ ಇದ್ದರೂ ಎಲ್ಲಿ ಬೇಕಾದರೂ ಕಟ್ಟುವಂತಿಲ್ಲ. ಪಟ್ಟಿಗಳು ಒಂದಕ್ಕೊಂದು ಸೇರುವ ಜಾಗದಲ್ಲೇ ಭಾರ ಬರಬೇಕು. ಸಿವಿಲ್ ಎಂಜಿನಿಯರ್ ಒಬ್ಬರಿಗೆ ದುಡ್ಡು ಕೊಟ್ಟು ತೋರಿಸಿ. ಬಟ್ಟೆಗಿಂತ ಮೊದಲು ಖರ್ಚು ಮಾಡಬೇಕಾದದ್ದು ಇಲ್ಲಿ.

2. ಎತ್ತರ ಅಳೆಯಿರಿ

ಗೌಂಡಿಗಳ ತೂಗುಗುಂಡನ್ನು ಕೊಕ್ಕೆಯಿಂದ ಇಳಿಬಿಟ್ಟು, ಆ ದಾರವನ್ನೇ ಟೇಪಿನಲ್ಲಿ ಅಳೆಯಿರಿ. ಸೂರಿನಿಂದಲ್ಲ, ಕೊಕ್ಕೆಯಿಂದ ನೆಲಕ್ಕೆ. ಕಣ್ಣಳತೆ ಬೇಡ.

3. ಸಿಲ್ಕೋ, ಹ್ಯಾಮಕ್ಕೋ?

ಹ್ಯಾಮಕ್ ಎಂದರೆ ಬಟ್ಟೆಯ ಎರಡೂ ತುದಿಯನ್ನು ಮೇಲೆ ಕಟ್ಟಿ, ಕೆಳಗೆ ಕುಣಿಕೆಯಾಗಿ ಇಳಿಬಿಟ್ಟ ಜೋಲಿ. 12 ಅಡಿಗಿಂತ ಕಡಿಮೆ ಇದ್ದರೆ ಸಿಲ್ಕಿನ ಆಸೆ ಬಿಡಿ. ಏರಲು ಜಾಗವೇ ಇರುವುದಿಲ್ಲ. ಕೆಳಗೆ ಹಾಸುವ ದಪ್ಪ ಮ್ಯಾಟ್ ಇನ್ನೊಂದು ಮುಕ್ಕಾಲು ಅಡಿ ತಿನ್ನುತ್ತದೆ. ಮೇಲಿಂದ ಜಾರುವ ಡ್ರಾಪ್‌ಗಳನ್ನು ಕಲಿಯಬೇಕೆಂದರೆ 16 ಅಡಿಯಾದರೂ ಬೇಕು. ಈಗಿನ 10 ಅಡಿಯ ಸ್ಲ್ಯಾಬ್ ಮನೆಗೆ ಹ್ಯಾಮಕ್ಕೇ ಸರಿ.

4. ಉದ್ದದ ಲೆಕ್ಕ

ಇಲ್ಲಿ ನಿಧಾನ ಮಾಡಿ, ಎಲ್ಲ ತಪ್ಪೂ ಆಗುವುದು ಇಲ್ಲೇ.

ಬೆಳಗಾವಿಯ ಉದ್ಯಮಬಾಗಿನ ಒಂದು ಶೆಡ್‌ನಲ್ಲಿ ಕೊಕ್ಕೆಯಿಂದ ನೆಲಕ್ಕೆ 16 ಅಡಿ ಇದೆ ಅಂದುಕೊಳ್ಳಿ. ಕೊಕ್ಕೆಗೆ ಬಟ್ಟೆಯನ್ನು ನೇರ ಕಟ್ಟುವುದಿಲ್ಲ. ನಡುವೆ ಒಂದು ಕ್ಯಾರಾಬಿನರ್ (ಬಾಯಿ ತೆರೆದು ಮುಚ್ಚುವ ಲೋಹದ ಕೊಂಡಿ), ತಿರುಗುವ ಸ್ವಿವೆಲ್, ಇನ್ನೊಂದು ಕ್ಯಾರಾಬಿನರ್, ಅದರ ಕೆಳಗೆ 8ರ ಆಕಾರದ ಲೋಹದ ಬಳೆ. ಇವೆಲ್ಲ ಸೇರಿ ಸುಮಾರು 1 ಅಡಿ. ಉಳಿದದ್ದು 15.

ಇನ್ನು ಬಾಲ. ಬಟ್ಟೆ ನೆಲ ಮುಟ್ಟಿದರೆ ಸಾಲದು, ನೆಲದ ಮೇಲೆ ಬಿದ್ದಿರಬೇಕು. ಬಟ್ಟೆಯ ಮೇಲೆ ನಿಲ್ಲಲು ಫುಟ್‌ಲಾಕ್ ಹಾಕಿದಾಗ ಬಟ್ಟೆ ಪಾದಕ್ಕೆ ಸುತ್ತಿಕೊಳ್ಳುತ್ತದೆ. ಸೊಂಟಕ್ಕೆ ಸುತ್ತಿದರೆ ಇನ್ನಷ್ಟು ಮೇಲೆ ಹೋಗುತ್ತದೆ. ಬಾಲ ಗಿಡ್ಡವಾದರೆ ಮುಂದಿನ ಸುತ್ತಿಗೆ ಕೈಗೆ ಏನೂ ಸಿಗುವುದಿಲ್ಲ. 3 ಅಡಿಗಿಂತ ಕಡಿಮೆ ಬಿಡಬೇಡಿ. ಹೊಸಬರಿಗೆ ನಾನು 4 ಅಡಿಯನ್ನೇ ಹೇಳುತ್ತೇನೆ, ಅವರು ಕಲಿಯುವುದೆಲ್ಲ ನೆಲದ ಹತ್ತಿರವೇ ಅಲ್ವಾ? ಲೆಕ್ಕಕ್ಕೆ ಸದ್ಯ 3 ಹಿಡಿಯೋಣ. 15ಕ್ಕೆ 3 ಸೇರಿಸಿದರೆ 18.

ಈಗ ಅದನ್ನು ಎರಡರಿಂದ ಗುಣಿಸಿ. ಸಿಲ್ಕ್ ಎಂದರೆ ಒಂದೇ ಉದ್ದ ಬಟ್ಟೆ. ಅದರ ನಡುಮಧ್ಯ ಬಳೆಗೆ ಗಂಟು ಬೀಳುತ್ತದೆ, ಎರಡೂ ತುದಿ ಕೆಳಗೆ ಇಳಿಯುತ್ತವೆ. ಹಗ್ಗದ ಮಲ್ಲಕಂಬ ಆಡಿದವರು ಇದನ್ನು ಮರೆಯುವುದು ಜಾಸ್ತಿ, ಏಕೆಂದರೆ ಅಲ್ಲಿ ಇರುವುದು ಒಂದೇ ಎಳೆ. ಒಂದೆಳೆಯ ಲೆಕ್ಕದಲ್ಲಿ ತರಿಸಿದ ಬಟ್ಟೆ ತಲೆಯ ಮೇಲೇ ನೇತಾಡುತ್ತದೆ. 18ರ ಎರಡು ಪಟ್ಟು 36. ಗಂಟಿಗೆ 2 ಅಡಿ ಸೇರಿಸಿ, 38. ಮೀಟರಿಗೆ 3.28 ಅಡಿ, ಅಂದರೆ 11.6 ಮೀಟರ್. ನೀವು ತರಿಸಬೇಕಾದದ್ದು 12 ಮೀಟರ್.

ಮೀಟರ್ ಎಂದೆ, ಗಜ ಅಲ್ಲ. ಕೆಲವು ಮಾರಾಟಗಾರರು ಗಜದಲ್ಲಿ ಬರೆದಿರುತ್ತಾರೆ. 12 ಗಜ ಎಂದರೆ 36 ಅಡಿ. ಗಂಟು ಕಳೆದು, ಎರಡು ಭಾಗ ಮಾಡಿದರೆ ನೆಲದ ಮೇಲೆ ಉಳಿಯುವ ಬಾಲ 2 ಅಡಿ ಮಾತ್ರ. 12 ಮೀಟರಿನಲ್ಲಿ ಅದೇ ಬಾಲ ಮೂರೂವರೆ ಅಡಿ ದಾಟುತ್ತದೆ.

ಹ್ಯಾಮಕ್ ಲೆಕ್ಕ ಬೇರೆ. 10 ಅಡಿಯಲ್ಲಿ ಮೇಲಿನ ಸಾಮಾನಿಗೆ 1 ಅಡಿ ತೆಗೆಯಿರಿ. ಕುಣಿಕೆಯ ತಳ ನಿಮ್ಮ ಸೊಂಟದ ಮಟ್ಟಕ್ಕೆ, ಅಂದರೆ 3 ಅಡಿಗೆ ಇರಲಿ. ಉಳಿದ 6 ಅಡಿಯ ಎರಡು ಪಟ್ಟು 12, ಎರಡೂ ತುದಿಯ ಗಂಟಿಗೆ ಇನ್ನೊಂದು 3. ಒಟ್ಟು 15 ಅಡಿ, ಹೆಚ್ಚು ಕಡಿಮೆ ನಾಲ್ಕೂವರೆ ಮೀಟರ್. 5 ತರಿಸಿ.

5. ಹಿಗ್ಗುವ ಬಟ್ಟೆಯೋ, ಹಿಗ್ಗದ್ದೋ?

ಸೂರು ತಗ್ಗಿದ್ದರೆ ಕಡಿಮೆ ಹಿಗ್ಗುವ ಬಟ್ಟೆಯನ್ನೇ ಕೊಳ್ಳಿ. ಹೆಚ್ಚು ಹಿಗ್ಗುವ ಬಟ್ಟೆ ಕೈಗೆ ಮೆತ್ತಗೆ, ಬೀಳುವಾಗ ಏಟೂ ಕಡಿಮೆ. ಆದರೆ ಏರಿದ ಎತ್ತರದಲ್ಲಿ ಸ್ವಲ್ಪವನ್ನು ಅದು ಮತ್ತೆ ಕೆಳಗಿಳಿಸುತ್ತದೆ. ಹ್ಯಾಮಕ್ ಆದರೆ ಕೂತು ನೋಡಿ, ಕುಳಿತಾಗ ಎಷ್ಟು ಇಳಿಯುತ್ತದೆ ಅಂತ.

ಸೀರೆಯ ಮಾತು ಬಂದೇ ಬರುತ್ತದೆ. ಕೂಸಿಗೆ ಜೋಳಿಗೆ ಕಟ್ಟುತ್ತೇವಲ್ಲ, ಇಳಕಲ್ ಸೀರೆ ಗಟ್ಟಿ ಇದೆಯಲ್ಲ ಅಂತ. ಬೇಡ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸನ್ನು ಮೈಯ ಹಾಸಿಗೆ ಕುಣಿಕೆ ಹಾಕಿ ಜೋಡಿಸಿರುತ್ತಾರೆ. ಉಡಲು ಅದು ಅಂದ, ಮೈತೂಕ ಹೊರಲು ಅಲ್ಲ. ಹೊಲಿಗೆ ಹಾಕಿ ಎರಡು ತುಂಡು ಕೂಡಿಸಿದ ಬಟ್ಟೆಯನ್ನೂ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ.

6. ತೂಗುಹಾಕಿದ ಮೇಲೆ

ಎರಡೂ ಬಾಲ ಸಮ ಇವೆಯಾ ನೋಡಿ, ಇಲ್ಲದಿದ್ದರೆ ಗಂಟನ್ನು ಸರಿಸಿ. ಉದ್ದ ಹೆಚ್ಚಾಯಿತು ಅಂತ ತಕ್ಷಣ ಕತ್ತರಿ ಹಾಕಬೇಡಿ. ಒಂದೆರಡು ತಿಂಗಳು ಅಭ್ಯಾಸ ಮಾಡಿ, ಅಲ್ಲಿತನಕ ಹೆಚ್ಚಿನ ಬಟ್ಟೆಯನ್ನು ಕಾಲಿಗೆ ಸಿಗದಂತೆ ಪಕ್ಕಕ್ಕೆ ಮಡಚಿಡಿ. ಆಮೇಲೂ ಅಡ್ಡಿ ಎನಿಸಿದರೆ ಎರಡೂ ತುದಿಯನ್ನು ಸಮವಾಗಿ ಕತ್ತರಿಸಿ. ಟ್ರೈಕಾಟ್ ಹೆಣಿಗೆಯ ಬಟ್ಟೆ, ಅಂಚು ಎಳೆಎಳೆಯಾಗಿ ಬಿಚ್ಚುವುದಿಲ್ಲ. ಅಂಚು ಮಡಚಿ ಹೊಲಿಸುವ ಕೆಲಸವೂ ಇಲ್ಲ.