ಹೈಲೈಟರ್ ಬಿಟ್ಟ ಮೇಲೆ ನನ್ನ ಓದು

ಬೆಂಗಳೂರಿನ ವಿಜಯನಗರದ ಪಿಜಿಯಲ್ಲಿ ನನ್ನ ಮಂಚದ ಪಕ್ಕ ಒಂದು ಸ್ಟೀಲ್ ಲೋಟ ಇತ್ತು. ಅದರ ತುಂಬ ಹೈಲೈಟರ್‌ಗಳು. ಹಳದಿ ಅಂದರೆ ಮುಖ್ಯ, ಹಸಿರು ಅಂದರೆ ಇಸವಿ, ಗುಲಾಬಿ ಅಂದರೆ ವಿಧಿ ಸಂಖ್ಯೆ, ಕಿತ್ತಳೆ ಅಂದರೆ 'ಪರೀಕ್ಷೆಗೆ ಬಂದರೂ ಬರಬಹುದು'. ಕೆಎಎಸ್‌ಗೆ ಓದುತ್ತಿದ್ದೆ. ದಿನಕ್ಕೆ ಹತ್ತು ಗಂಟೆ ಕೂರುತ್ತಿದ್ದೆ. ರಾತ್ರಿ ಪುಸ್ತಕ ಮುಚ್ಚುವಾಗ ಪುಟಗಳು ಹೋಳಿ ಆಡಿ ಬಂದ ಹಾಗೆ ಕಾಣುತ್ತಿದ್ದವು. ಅದನ್ನು ನೋಡಿ ಸಮಾಧಾನದಿಂದ ಮಲಗುತ್ತಿದ್ದೆ. ಮೊದಲ ಸಲ ಪ್ರಿಲಿಮ್ಸ್‌ನಲ್ಲೇ ಹೋಯಿತು.

ರೂಮಿನಲ್ಲಿ ಗದಗದ ಕಡೆಯ ಗೆಳೆಯನೊಬ್ಬ ಇದ್ದ. ಒಂದು ಸಂಜೆ ಸುಮ್ನೆ ನನ್ನ ಸಂವಿಧಾನದ ಪುಸ್ತಕ ಎತ್ತಿಕೊಂಡು ತಿರುವಿ ಹಾಕಿದ. "ಅಲ್ಲಲೇ, ಇಷ್ಟೆಲ್ಲಾ ಬಣ್ಣ ಹಚ್ಚಿಯಲ್ಲ, ಬೊಮ್ಮಾಯಿ ಕೇಸ್ ಅಂದ್ರ ಏನು, ಹೇಳು ನೋಡೋಣ" ಅಂದ. ಆ ಪುಟವನ್ನು ಏನಿಲ್ಲ ಅಂದರೂ ಆರು ಸಲ ಓದಿದ್ದೆ. ಅದು ಎಡಗಡೆ ಪುಟ, ಕೆಳಗಿನ ಅರ್ಧದಲ್ಲಿದೆ ಅನ್ನುವುದು ಕೂಡ ಕಣ್ಣಿಗೆ ಕಟ್ಟಿತ್ತು. "356ನೇ ವಿಧಿ... 1994... ಸುಪ್ರೀಂ ಕೋರ್ಟ್..." ಎಂದು ಶುರು ಮಾಡಿ ಅಲ್ಲೇ ನಿಂತೆ. ಯಾರು ಕೋರ್ಟಿಗೆ ಹೋದರು, ಯಾಕೆ ಹೋದರು, ಕೋರ್ಟ್ ಏನು ಹೇಳಿತು, ಒಂದೂ ಬಾಯಿಗೆ ಬರಲಿಲ್ಲ. "ಪುಸ್ತಕ ಮುಚ್ಚಿ ಹೇಳಾಕ ಬರಬೇಕಪಾ, ಇಲ್ಲಂದ್ರ ಓದಿಲ್ಲ ಅಂತನ ಲೆಕ್ಕ" ಎಂದು ಹೇಳಿ ಚಹಾಕ್ಕೆ ಹೊರಟುಬಿಟ್ಟ.

ಕೋಪ ಬಂತು. ಆದರೆ ಅವನು ಹೇಳಿದ್ದು ಸರಿ. ಪುಟ ನೋಡಿದಾಗ "ಹಾಂ, ಇದು ಗೊತ್ತು" ಅನ್ನಿಸುತ್ತಿತ್ತಲ್ಲ, ಅದು ಬರೀ ಮುಖಪರಿಚಯ. ದಿನಾ ಬಸ್ಸಲ್ಲಿ ಸಿಗುವವರ ಮುಖ ಗೊತ್ತಿರುತ್ತದೆ, ಹೆಸರು ಕೇಳಿದರೆ ಗೊತ್ತಿರಲ್ಲ, ಅಲ್ವಾ? ಹಾಗೆ.

ಮರುದಿನದಿಂದ ಹೈಲೈಟರ್ ಬಿಟ್ಟು ಪೆನ್ಸಿಲ್ ಹಿಡಿದೆ. ಓದುವ ಜಾಗವನ್ನೂ ಬದಲಾಯಿಸಿ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗತೊಡಗಿದೆ. ಶೇಷಾದ್ರಿ ಅಯ್ಯರ್ ನೆನಪಿಗೆ 1915ರಲ್ಲಿ ಕಟ್ಟಿದ ಆ ಕೆಂಪು ಕಟ್ಟಡ. ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ಆರನೇ ಸ್ಟೇಷನ್ ವಿಧಾನಸೌಧ. ಅಲ್ಲಿ ಇಳಿದು ನಡೆದರೆ ಆಯಿತು.

ಮಾಡಿದ್ದು ಇಷ್ಟೇ. ಅಧ್ಯಾಯ ತೆಗೆದ ಕೂಡಲೇ ಓದುತ್ತಿರಲಿಲ್ಲ. ಮೊದಲು ಶೀರ್ಷಿಕೆಗಳನ್ನು ಮಾತ್ರ ನೋಡಿ, ಒಂದೊಂದರ ಪಕ್ಕ ಪೆನ್ಸಿಲ್‌ನಲ್ಲಿ ಪ್ರಶ್ನೆ ಬರೆಯುತ್ತಿದ್ದೆ. 'ರಾಷ್ಟ್ರಪತಿ ಆಳ್ವಿಕೆ' ಅಂತ ಇದ್ದರೆ: ಯಾರು ವರದಿ ಕೊಟ್ಟರೆ ಹೇರುತ್ತಾರೆ? ಎಷ್ಟು ದಿನ ನಡೆಯುತ್ತದೆ? ಇದನ್ನು ಪ್ರಶ್ನೆ ಮಾಡುವವರು ಯಾರೂ ಇಲ್ವಾ? ಆಮೇಲೆ ಆ ಉತ್ತರಗಳನ್ನು ಹುಡುಕಿಕೊಂಡು ಓದುವುದು. ಹುಡುಕಿಕೊಂಡು ಓದಿದರೆ ಕಣ್ಣು ಸುಮ್ನೆ ಜಾರಿಕೊಂಡು ಹೋಗಲ್ಲ. ಆ ಭಾಗ ಮುಗಿದ ಮೇಲೆ ಪುಸ್ತಕ ಮುಚ್ಚಿ, ರಫ್ ಹಾಳೆಯಲ್ಲಿ ನೆನಪಿಗೆ ಬಂದಷ್ಟನ್ನು ನನ್ನ ಮಾತಲ್ಲಿ ಬರೆಯುವುದು. ಪುಸ್ತಕದ ವಾಕ್ಯ ಬೇಡ. ಅಮ್ಮನಿಗೆ ಫೋನಲ್ಲಿ ಹೇಳಿದ ಹಾಗೆ.

ಬೊಮ್ಮಾಯಿ ಕೇಸನ್ನು ಹಾಗೆ ಬರೆಯಲು ಕೂತ ದಿನ ಚೆನ್ನಾಗಿ ನೆನಪಿದೆ. ಮೊದಲ ಸಲ ಎರಡೇ ಸಾಲು ಬಂತು. ಪುಸ್ತಕ ತೆಗೆದು ಓದಿ, ಮತ್ತೆ ಮುಚ್ಚಿದೆ. ಐದು ಸಾಲು ಆಯಿತು. ಮೂರನೇ ಸಲಕ್ಕೆ ಕಥೆ ಪೂರ್ತಿ ಬಂತು. 1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಬೆಂಬಲ ವಾಪಸ್ ತೆಗೆದುಕೊಂಡಿದ್ದೇವೆ ಎಂದು ಶಾಸಕರ ಪತ್ರಗಳು ರಾಜ್ಯಪಾಲರಿಗೆ ಹೋಗುತ್ತವೆ. ಅವರಲ್ಲಿ ಕೆಲವರು ಆಮೇಲೆ, ಇಲ್ಲ, ನಾವು ಸರ್ಕಾರದ ಜೊತೆಗೇ ಇದ್ದೇವೆ ಅನ್ನುತ್ತಾರೆ. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳುತ್ತಾರೆ. ಅವಕಾಶ ಸಿಗಲ್ಲ, 356ನೇ ವಿಧಿಯಡಿ ಸರ್ಕಾರ ವಜಾ, ರಾಷ್ಟ್ರಪತಿ ಆಳ್ವಿಕೆ ಜಾರಿ. ಹೈಕೋರ್ಟಿನಲ್ಲಿ ಅರ್ಜಿ ಬಿದ್ದುಹೋಗುತ್ತದೆ. 1994ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಡುತ್ತದೆ: ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನ ಆಗಬೇಕು, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಕೋರ್ಟ್ ಪರಿಶೀಲಿಸಬಹುದು. ಅಷ್ಟರಲ್ಲಿ ಇಲ್ಲಿ ಚುನಾವಣೆಯೇ ಮುಗಿದು ಬೇರೆ ಸರ್ಕಾರ ಬಂದಿತ್ತು.

ಸಂಜೆ ಸ್ಟೇಷನ್ ಕಡೆ ನಡೆಯುವಾಗ ಇನ್ನೊಂದು ಸಲ ಬಾಯಲ್ಲೇ ಹೇಳಿಕೊಂಡೆ. ಒಂದು ಕಡೆ ಹೈಕೋರ್ಟು, ಎದುರಿಗೆ ವಿಧಾನಸೌಧ, ಸ್ವಲ್ಪ ಮುಂದೆ ಹೋದರೆ ರಾಜಭವನ. ಪತ್ರ ಹೋದದ್ದು ಅಲ್ಲಿಗೆ, ಬಹುಮತ ಎಣಿಸಬೇಕಿದ್ದದ್ದು ಇಲ್ಲಿ, ಅರ್ಜಿ ಬಿದ್ದದ್ದು ಈ ಕಟ್ಟಡದಲ್ಲಿ. ಆರು ಸಲ ಬಣ್ಣ ಬಳಿದರೂ ತಲೆಗೆ ಹೋಗದ ಕೇಸು ಅವತ್ತು ಹೋದದ್ದು ಇವತ್ತಿಗೂ ಅಳಿಸಿಲ್ಲ. ದೆಹಲಿಯಲ್ಲಿ ಕೂತು ಓದುವವರಿಗೆ ಈ ಅನುಕೂಲ ಎಲ್ಲಿ ಬರಬೇಕು!

ಇದು ನಾನು ಕಂಡುಹಿಡಿದದ್ದೇನಲ್ಲ. ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲೇ ಐದು ಹಂತ ಮಾಡಿ ಬರೆದಿದ್ದರು: ಮೇಲ್ಮೇಲೆ ಒಮ್ಮೆ ಕಣ್ಣಾಡಿಸು, ಪ್ರಶ್ನೆ ಹಾಕಿಕೋ, ಓದು, ಹೇಳಿ ನೋಡು, ಮತ್ತೆ ತಿರುವು. ಇದಕ್ಕೆ ಎಸ್‌ಕ್ಯೂ3ಆರ್ ಅನ್ನುತ್ತಾರೆ. ನನ್ನ ಕೇಳಿದರೆ ಪ್ರಶ್ನೆ ಹಾಕಿಕೊಳ್ಳುವುದು ಮತ್ತು ಮುಚ್ಚಿ ಹೇಳುವುದು, ಇವೆರಡೇ ನಿಜವಾದ ಕೆಲಸ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನೋವಿಜ್ಞಾನಿಗಳು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದರು. ಓದಿ ಐದು ನಿಮಿಷಕ್ಕೆ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದರೆ ಮುಚ್ಚಿ ನೆನಪಿಸಿಕೊಂಡವರು ಮುಂದೆ. ಪರೀಕ್ಷೆ ಐದು ನಿಮಿಷಕ್ಕೆ ಬರಲ್ಲವಲ್ಲ.

ಕಷ್ಟ ಏನೆಂದರೆ, ಈ ರೀತಿ ಓದಿದರೆ ಓದಿದ ಹಾಗೇ ಅನ್ನಿಸುವುದಿಲ್ಲ. ಮೊದಲು ದಿನಕ್ಕೆ ನಲವತ್ತು ಪುಟ ಆಗುತ್ತಿತ್ತು, ಈಗ ಹನ್ನೆರಡು. ಪಕ್ಕದ ಮೇಜಿನವರು ಪುಟದ ಮೇಲೆ ಪುಟ ತಿರುವುತ್ತಿದ್ದಾರೆ, ನಾನು ಖಾಲಿ ಹಾಳೆ ನೋಡುತ್ತಾ ಕೂತಿದ್ದೇನೆ. ಎರಡು ವಾರ ನನಗೇ ಭಯ ಇತ್ತು. ನೆನಪಿಗೆ ಬರದೆ ತಿಣುಕುವುದು ಓದಿನ ಲಕ್ಷಣವೇ ಎಂದು ತಿಳಿಯಲು ಅಷ್ಟು ಸಮಯ ಬೇಕಾಯಿತು.

ಎಲ್ಲದಕ್ಕೂ ಇದು ನಡೆಯಲ್ಲ. ಅನುಸೂಚಿಗಳು, ವಿಧಿ ಸಂಖ್ಯೆಗಳು, ಅವಧಿಗಳು: ಇವಕ್ಕೆ ಕಥೆ ಇರುವುದಿಲ್ಲ, ಮಗ್ಗಿ ಕಲಿತ ಹಾಗೇ ಕಲಿಯಬೇಕು. ಅದಕ್ಕೆ ಚೀಟಿ ಮಾಡಿಕೊಂಡೆ. ಹಳೆ ಮದುವೆ ಕಾರ್ಡು ಕತ್ತರಿಸಿದರೆ ಒಳ್ಳೆ ಗಟ್ಟಿ ಚೀಟಿ ಆಗುತ್ತದೆ, ದುಡ್ಡೂ ಉಳಿಯುತ್ತದೆ. ಒಂದು ಮುಖದಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಉತ್ತರ. ಸರಿ ಹೇಳಿದರೆ ಆ ಚೀಟಿ ಮೂರು ದಿನ ಬಿಟ್ಟು, ಮತ್ತೆ ಸರಿಯಾದರೆ ವಾರ ಬಿಟ್ಟು, ಆಮೇಲೆ ತಿಂಗಳಿಗೊಮ್ಮೆ. ತಪ್ಪಿದರೆ ಮರುದಿನದ ಜೇಬಿಗೆ. ಮೆಟ್ರೋದಲ್ಲಿ ಒಂದು ಸ್ಟೇಷನ್‌ಗೆ ಎರಡು ಚೀಟಿ. ಮೆಜೆಸ್ಟಿಕ್‌ನಲ್ಲಿ ಮಾತ್ರ ಚೀಟಿ ಹೊರಗೆ ತೆಗೆಯುತ್ತಿರಲಿಲ್ಲ, ಆ ನೂಕಾಟದಲ್ಲಿ ಒಂದು ಸಲ ಅರ್ಧ ಕಟ್ಟು ಕೆಳಗೆ ಚೆಲ್ಲಿಹೋಗಿತ್ತು.

ನೋಟ್ಸ್ ವಿಷಯ ಬೇಗ ಹೇಳಿಬಿಡುತ್ತೇನೆ. ಪುಸ್ತಕ ತೆರೆದಿಟ್ಟುಕೊಂಡು ಚೆಂದದ ಅಕ್ಷರದಲ್ಲಿ ಬರೆದ ಎರಡು ಲಾಂಗ್ ನೋಟ್‌ಬುಕ್ ನನ್ನ ಹತ್ತಿರ ಇದ್ದವು. ಒಮ್ಮೆಯೂ ತಿರುಗಿ ನೋಡಲಿಲ್ಲ. ನಕಲು ಮಾಡುವಾಗ ಕೈ ಮಾತ್ರ ಕೆಲಸ ಮಾಡುತ್ತದೆ.

ಎರಡನೇ ಸಲ ಪ್ರಿಲಿಮ್ಸ್ ದಾಟಿತು, ಮೇನ್ಸ್‌ನಲ್ಲಿ ನಿಂತೆ. ಈಗ ಬೇರೆ ಇಲಾಖೆ ಪರೀಕ್ಷೆ ಪಾಸಾಗಿ ಕೆಲಸದಲ್ಲಿದ್ದೇನೆ, ಬೆಳಗ್ಗೆ ಎರಡು ಗಂಟೆ ಮಾತ್ರ ಓದು. ಆ ಗೆಳೆಯ ಊರಿಗೆ ಹೋಗಿದ್ದಾನೆ. ಫೋನ್ ಮಾಡಿದರೆ ಹಲೋ ಕೂಡ ಅನ್ನಲ್ಲ. ಮೊನ್ನೆ ಸೀದಾ, "ತುರ್ತು ಪರಿಸ್ಥಿತಿ ಘೋಷಣೆ, 352, ಸಂಸತ್ತು ಎಷ್ಟು ತಿಂಗಳೊಳಗ ಒಪ್ಪಬೇಕು?" ಅಂದ. "ಎರಡು" ಅಂದೆ. "ಅದು 356ಕ್ಕಲೇ. ಇದಕ್ಕ ಒಂದು" ಅಂದ. ಆ ಚೀಟಿ ಮತ್ತೆ ಜೇಬಿಗೆ ಬಂದಿದೆ.