ಜಿಂಕೆ ಬೇಟೆಗೆ ಮೊದಲ ರೈಫಲ್: ಟೆಕ್ಸಾಸ್‌ನಲ್ಲಿರುವ ತಮ್ಮಂದಿರಿಗೆ

ಬೋಲ್ಟ್ ಆ್ಯಕ್ಷನ್ ರೈಫಲ್ (ಪ್ರತಿ ಗುಂಡಿಗೂ ಬೋಲ್ಟನ್ನು, ಅಂದರೆ ಅಗುಳಿಯನ್ನು, ಕೈಯಿಂದ ಎಳೆದು ತಳ್ಳುವ ಬಂದೂಕು) ಕೊಳ್ಳಲು ಹೊರಟಿರುವ ನಮ್ಮ ಬಳಗದ ತಮ್ಮಂದಿರಿಗೆ ಬೆಳಗಾವಿಯಿಂದ ಈ ನಿವೃತ್ತ ಸೈನಿಕನ ಸಲಹೆ. ದೊಡ್ಡ ಗುಂಡಿನ ಮೋಹ ಬೇಡ. ಅಲ್ಲಿನ ಬಿಳಿಬಾಲದ ಜಿಂಕೆಗೆ .308 ವಿಂಚೆಸ್ಟರ್ ಧಾರಾಳವಾಗಿ ಸಾಕು. 1952ರಿಂದ ಮಾರುಕಟ್ಟೆಯಲ್ಲಿರುವ ಗುಂಡು, ಸುಲಭವಾಗಿ ಸಿಗುತ್ತದೆ. ಗುಂಡು ಹಾರಿಸಿದಾಗ ಭುಜಕ್ಕೆ ಬೀಳುವ ಒದೆತ ಕಡಿಮೆ ಇರಬೇಕೆಂದರೆ .243 ಅಥವಾ 6.5 ಕ್ರೀಡ್‌ಮೋರ್ ಗುಂಡಿನ ರೈಫಲ್ ನೋಡಿ. ಒದೆತಕ್ಕೆ ಅಂಜುವವನು ಟ್ರಿಗರ್ ಒತ್ತುವಾಗ ಬೆಚ್ಚುತ್ತಾನೆ, ಗುಂಡು ಹೊಟ್ಟೆಗೆ ತಾಗುತ್ತದೆ, ಆ ಮೂಕಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಹಾಗಾಗಲೇಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಮೈಗೊಪ್ಪುವ ಅಳತೆ. ಅಂಗಡಿಯಲ್ಲಿ ಬೋಲ್ಟ್ ತೆರೆದು, ಒಳಗೆ ಗುಂಡಿಲ್ಲವೆಂದು ಕಣ್ಣಾರೆ ಕಂಡ ಮೇಲೆ, ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೇರಿಸಿ. ಕಣ್ಣು ತೆರೆದಾಗ ಸ್ಕೋಪಿನ (ಗುರಿ ನೋಡಲು ರೈಫಲ್ ಮೇಲಿರುವ ದುರ್ಬೀನಿನ) ಪೂರ್ತಿ ವೃತ್ತ ಕಾಣಬೇಕು. ಕತ್ತು ಚಾಚಬೇಕಾಯಿತೆಂದರೆ ಅದು ನಿಮಗೆ ಹೊಂದುವುದಿಲ್ಲ, ಬೆಲೆ ಎಷ್ಟೇ ಇಳಿದಿರಲಿ.

ಸ್ಕೋಪಿಗೂ ಹಣ ಉಳಿಸಿಕೊಳ್ಳಿ. ಜಿಂಕೆ ಹೆಚ್ಚಾಗಿ ಓಡಾಡುವುದು ಮುಂಜಾನೆ, ಮುಸ್ಸಂಜೆಯ ಮಬ್ಬಿನಲ್ಲಿ. ಸ್ವಚ್ಛ ಗಾಜಿನ 3-9x40 (ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಮಸೂರ 40 ಮಿ.ಮೀ. ಅಗಲವಿರುವ) ಸ್ಕೋಪ್ ಸಾಕು.

ಊರಿನಲ್ಲಿರುವ ಹುಡುಗರೇ, ಇದು ನಿಮಗಲ್ಲ. ಇಲ್ಲಿ ಜಿಂಕೆ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರ ಎಂಬ ಹುಲ್ಲೆಗಳಿಗೆಂದೇ ಅಭಯಾರಣ್ಯವಿದೆ, ಹೋಗಿ ನೋಡಿ ಬನ್ನಿ.

ತಮ್ಮಂದಿರೇ, ಬೇಟೆಗೆ ಒಯ್ಯುವ ಗುಂಡಿನಿಂದಲೇ 100 ಗಜದಲ್ಲಿ ಸ್ಕೋಪಿನ ಗುರಿ ಸರಿಪಡಿಸಿಕೊಳ್ಳಿ. ಗುಂಡು ಬದಲಿಸಿದರೆ ಮತ್ತೊಮ್ಮೆ.