ವಾಂತಿ ಔಷಧಿ ನೋವಿಗೂ ಆಗುತ್ತಾ? ಇಲಿಯಲ್ಲಿ ನೋಡೋದು ಹೀಗೆ

‘ಇಲಿ ವಾಂತಿಯೇ ಮಾಡಲ್ಲ, ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಯಾಕೆ ಸಾರ್?’ ಹಾಸನದ ನಮ್ಮ ಲ್ಯಾಬಿಗೆ ಬರುವ ಹುಡುಗರು ಕೇಳುತ್ತಾರೆ. ಆ ಔಷಧಿ ತಡೆಯುವ ಸೆರೊಟೋನಿನ್ ರಿಸೆಪ್ಟರ್, ಅಂದರೆ ಸೆರೊಟೋನಿನ್ ಅನ್ನೋ ರಾಸಾಯನಿಕ ಬಂದು ಅಂಟುವ ಜಾಗ, ನೋವಿನ ನರಗಳಲ್ಲೂ ಇದೆ, ಅದಕ್ಕೆ.

ಮೊದಲು ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ. ಅಲ್ಲಿವರೆಗೂ ಪಂಜರ ಮುಟ್ಟಬೇಡಿ.

20ರಿಂದ 25 ಗ್ರಾಂ ತೂಕದ ಬಿಳಿ ಸುಂಡಿಲಿ ಸಾಕು. ಗಂಟೆ ಮೊದಲೇ ಕೋಣೆಗೆ ತಂದಿಡಿ. ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ನಾನು ಪ್ರಯೋಗವನ್ನೇ ಇಟ್ಟುಕೊಳ್ಳಲ್ಲ. ದೀಪಾವಳಿ ಪಟಾಕಿಗೆ ಬೆದರಿದ ಇಲಿಯ ಲೆಕ್ಕ ನಂಬೋದು ಹೇಗೆ?

ಒಂದು ಗುಂಪಿಗೆ ಔಷಧಿ ಇಲ್ಲದ ಉಪ್ಪುನೀರು (ಸಲೈನ್), ಒಂದಕ್ಕೆ ಒಂಡಾನ್ಸೆಟ್ರಾನ್, ಇನ್ನೊಂದಕ್ಕೆ ಗೊತ್ತಿರುವ ನೋವಿನ ಔಷಧಿ. ಅರ್ಧ ಗಂಟೆ ಬಿಟ್ಟು 55 ಡಿಗ್ರಿ ಬಿಸಿ ತಟ್ಟೆಯ ಮೇಲೆ ಬಿಟ್ಟು ಸಮಯ ಎಣಿಸಲು ಶುರು ಮಾಡಿ. ಹಿಂಗಾಲು ನೆಕ್ಕಿದರೆ, ಕೊಡವಿದರೆ ಅಥವಾ ಹಾರಿದರೆ ಸ್ಟಾಪ್‌ವಾಚ್ ಒತ್ತಿ ನಿಲ್ಲಿಸಿ. ತಡವಾದಷ್ಟೂ ನೋವು ಕಡಿಮೆ ಅಂತ ಲೆಕ್ಕ. ಮುಂಗಾಲು ನೆಕ್ಕಿದ್ದು ಲೆಕ್ಕಕ್ಕಿಲ್ಲ, ಸುಮ್ನೆ ಮುಖ ತೊಳೆಯುವಾಗಲೂ ನೆಕ್ಕುತ್ತೆ. ಏನೂ ಮಾಡದಿದ್ದರೆ 15 ಸೆಕೆಂಡಿಗೆ ಎತ್ತಿಬಿಡಿ, ಪಾದ ಸುಡುತ್ತೆ. ಪ್ರತಿ ಸಲ ತಟ್ಟೆ ಒರೆಸಿ. ಉಚ್ಚೆ ವಾಸನೆಗೆ ಮುಂದಿನ ಇಲಿ ಗಾಬರಿಯಾಗುತ್ತೆ.

ಸಿರಿಂಜ್ ಹಿಡಿದವರು ವಾಚ್ ಹಿಡಿಯಬಾರದು. ಒಮ್ಮೆ ಎರಡೂ ನಾನೇ ಹಿಡಿದೆ. ಔಷಧಿ ಕೊಟ್ಟ ಇಲಿಗಳಿಗೆ ಕೈ ಸ್ವಲ್ಪ ತಡವಾಗಿಯೇ ಒತ್ತುತ್ತಿತ್ತು! ಮತ್ತೆ ಮೊದಲಿಂದ ಮಾಡಬೇಕಾಯಿತು.

ತಿರುಗುವ ಕೋಲಿನ ಮೇಲೂ ನಿಲ್ಲಿಸಿ, ಬೀಳುತ್ತಾ ನೋಡಿ. ಮಂಪರು ಹತ್ತಿದ ಇಲಿಯೂ ಕಾಲು ಎತ್ತಲ್ಲ, ಅಲ್ವಾ?